ಅತ್ತೆಯ ಹುಬ್ಬುಗಂಟಿಗೆ ಸೂಜಿ

"ಸುಮ್ನೆ ಕೂತಿದ್ರೂ ಯಾಕೆ ಕೋಪ ಅಂತ ಕೇಳ್ತಾರೆ. ಕೋಪ ಇಲ್ಲ ಅಂತ ಎಲ್ಲರಿಗೂ ಹೇಳಿ ಮುಗಿಸೋ ಹೊತ್ಗೆ ನಿಜವಾಗ್ಲೂ ಬಂದಿರ್ತದೆ."

ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಮೆಣಸು ಒಣಹಾಕಿದ ಚಾಪೆಯ ಪಕ್ಕ ಕೂತು ಹೀಗೆ ಅಂದರು. ಬತ್ತೇರಿ ಪೇಟೆಯಲ್ಲಿ ಒಂದು ಕ್ಲಿನಿಕ್ ಇದೆಯಂತೆ, ಹಣೆಗೆ ಸಣ್ಣ ಸೂಜಿ ಚುಚ್ಚಿ ಸುಕ್ಕು ತೆಗೆಯುತ್ತಾರಂತೆ, ತಾನೂ ಹೋಗಿ ಹಾಕಿಸಿಕೊಳ್ಳುವುದೇ ಸೈ ಅಂತ ಪ್ರಕಟಿಸಿ, ಕಾಲಿನಿಂದ ಮೆಣಸು ಕೆದಕುತ್ತಾ ಎದ್ದು ಹೋದರು. ನಮ್ಮ ಮನೆಯಲ್ಲಿ ಅತ್ತೆ ಎದ್ದು ಹೋದರೆ ಮಾತು ಮುಗಿಯಿತು ಅಂತ ಅರ್ಥ. ನನಗೆ ಮಾತ್ರ ಅಲ್ಲಿಂದ ಶುರು.

ಅತ್ತೆಯ ಎರಡು ಹುಬ್ಬುಗಳ ನಡುವೆ, ಮೂಗಿನ ಬುಡದಿಂದ ನೇರ ಮೇಲಕ್ಕೆ, ಎರಡು ಗೆರೆಗಳಿದ್ದವು. ಚಿಕ್ಕಂದಿನಲ್ಲೇ ಮೂಡಿದ್ದವಂತೆ, ವರ್ಷ ಹೋದ ಹಾಗೆ ಆಳವಾದವು. ಅವರು ಊರಿನ ಹಾಲಿನ ಸೊಸೈಟಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದುಕೊಳ್ಳುತ್ತಾರೆ. ಕ್ಯಾನಿನೊಳಗೆ ಅವರು ಬಗ್ಗಿ ನೋಡಿದರೆ ಸಾಕು, ಕೇಳದೆ ಇದ್ದರೂ ತಂದವರು ಮಲಯಾಳದ ವಾಡಿಕೆಯಂತೆ ಅಕ್ಕ ಅಂತ ಕರೆದು, ನೀರು ಹಾಕಿಲ್ಲ ಚೇಚಿ, ದೇವರಾಣೆ ಅನ್ನುತ್ತಿದ್ದರು. ಒಬ್ಬಾತನಂತೂ ಹಾಕಿದ್ದೇನೆ ಅಂತ ಒಪ್ಪಿಕೊಂಡೇ ಬಿಟ್ಟಿದ್ದ. ಅತ್ತೆ ಅವತ್ತು ನೋಡುತ್ತಿದ್ದದ್ದು ಕ್ಯಾನಿನ ಅಂಚಿನಲ್ಲಿ ಕೂತ ನೊಣವನ್ನು.

ಸೂಜಿಯ ಸುದ್ದಿ ತಂದವರು ಪಕ್ಕದ ತೋಟದವರ ಮಗಳು, ಗಲ್ಫಿನಲ್ಲಿ ನರ್ಸು. ರಜೆಗೆ ಬಂದಿದ್ದಾಗ ಅವರ ಹಣೆ ಆಗಷ್ಟೇ ಸಾರಿಸಿದ ಜಗುಲಿಯ ಹಾಗೆ ನುಣ್ಣಗಿತ್ತು. ಅತ್ತೆ ಕೇಳಿದರು, ಅವರು ಮುಚ್ಚುಮರೆಯಿಲ್ಲದೆ ಹೇಳಿದರು, ಅಷ್ಟೇ.

ನಾನು ಶಾಲೆಯ ದಿನಗಳಿಂದ ಚರ್ಚಾಸ್ಪರ್ಧೆಗೆ ಹೋದವಳು. ಮಲಯಾಳದಲ್ಲಿ ಗೆದ್ದು ಬಂದು ಮನೆಯಲ್ಲಿ ಕನ್ನಡದಲ್ಲಿ ಸೋಲುವುದು ನನಗೆ ಅಭ್ಯಾಸ. ಆದರೂ ಅವತ್ತು ಸಂಜೆ ಸೊಸೈಟಿಯ ಕಟ್ಟೆಯವರೆಗೆ ಅತ್ತೆಯ ಹಿಂದೆಯೇ ಹೋಗಿ ನನ್ನ ಪಕ್ಷ ಮಂಡಿಸಿದೆ. ವಯಸ್ಸಾಗುವುದು ರೋಗವಲ್ಲ. ರೋಗವಲ್ಲದ್ದಕ್ಕೆ ಮದ್ದು ಮಾರುವವರು ಮೊದಲು ರೋಗವನ್ನು ಮಾರಬೇಕಾಗುತ್ತದೆ. ಹೆಂಗಸು ಐವತ್ತರ ಮೇಲೂ ಮೂವತ್ತರ ಹಾಗೆ ಕಾಣಬೇಕು ಅಂತ ಹೇಳಿದವರು ಯಾರು, ಅವರ ಹಣೆ ಹೇಗಿದೆ?

ಅತ್ತೆ ಪೂರ್ತಿ ಕೇಳಿಸಿಕೊಂಡು, ತನಗೆ ಚಿಕ್ಕವಳಾಗುವ ಆಸೆ ಏನೂ ಇಲ್ಲ, ಚಿಕ್ಕವಳಾಗಿದ್ದಾಗಲೂ ಅಂಥ ಸುಖವೇನೂ ಇರಲಿಲ್ಲ ಅಂದರು. ಸುಮ್ಮನೆ ಕೂತಾಗ ಸುಮ್ಮನೆ ಕೂತಿದ್ದಾಳೆ ಅಂತ ಜನಕ್ಕೆ ಕಂಡರೆ ಸಾಕು.

ಎದುರಾಳಿ ಹೇಳದ ಮಾತನ್ನು ಖಂಡಿಸಲು ಇಡೀ ತಯಾರಿ ಮಾಡಿಕೊಂಡು ಹೋದರೆ ಹೀಗೇ ಆಗುವುದು.

ಮನೆಯಲ್ಲಿ ಎಲ್ಲರ ಹತ್ತಿರವೂ ಒಂದೊಂದು ಪರ್ಯಾಯವಿತ್ತು. ಅಮ್ಮ ಹಸಿ ಅರಿಶಿನ ಮತ್ತು ಕೆನೆ ಅಂದಳು. ಪುಲ್ಪಳ್ಳಿಯ ವೈದ್ಯರ ಲೇಪವನ್ನು ಯಾರೋ ತಂದುಕೊಟ್ಟರು. ಅದು ಒಣಗಿದಾಗ ಅತ್ತೆಯ ಮುಖದಲ್ಲಿ ಎರಡಿದ್ದ ಗೆರೆ ಇಪ್ಪತ್ತಾಗಿ ಕಂಡಿತು. ತೋಲ್ಪೆಟ್ಟಿಯಿಂದ ಕಾಡುಜೇನು ಬಂತು, ಅದನ್ನು ನಾವೆಲ್ಲ ದೋಸೆಗೆ ಹಚ್ಚಿಕೊಂಡು ತಿಂದೆವು. ಮಲಗುವಾಗ ಹುಬ್ಬಿನ ನಡುವೆ ಅಂಟುಪಟ್ಟಿ ಹಾಕಿಕೊಂಡರೆ ಗೆರೆ ಹೋಗುತ್ತದೆ ಅಂತ ಅಮ್ಮ ಫೋನಿನಲ್ಲಿ ನೋಡಿದ್ದಳು. ಬೆಳಿಗ್ಗೆ ಪಟ್ಟಿಯ ಜೊತೆ ಹುಬ್ಬಿನ ಕೂದಲೂ ಬಂತು. ಅಪ್ಪ, ಸ್ವಲ್ಪ ನಗಬಾರದಾ, ಅದಕ್ಕೆ ಸೂಜಿ ಬೇಡವಲ್ಲ ಅಂತ ಸಲಹೆ ಕೊಟ್ಟರು. ಅತ್ತೆ ನಕ್ಕರು. ನಕ್ಕಾಗಲೂ ಗೆರೆಗಳು ಅಲ್ಲೇ ಇದ್ದವು. ಅಪ್ಪ ಕಾಫಿ ಲೋಟ ಎತ್ತಿಕೊಂಡು ತೋಟಕ್ಕೆ ಹೋದರು.

ಇದೆಲ್ಲ ನಡೆಯುವಾಗಲೇ ನನ್ನ ಅಕ್ಕನ ಸಂಬಂಧದ ಮಾತು ಬಂತು. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ, ಆದ್ದರಿಂದ ಅದನ್ನು ಬಿಡಿಸಿ ಹೇಳಬೇಕು.

ಅಕ್ಕ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಾಳೆ. ಊರಿನ ಶಾಲೆಯ ಮೈದಾನದಲ್ಲಿ ಸಂಜೆ ಹೊತ್ತು ಒಬ್ಬೊಬ್ಬರನ್ನೇ ಕೂರಿಸಿ, ಹಿಂದಿನ ಹಿಡಿಕೆ ಹಿಡಿದು, ಜೊತೆಗೆ ಓಡುತ್ತಾ ಕಲಿಸುವುದು. ಅಂಗನವಾಡಿಯವರು, ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗುವವರು, ಮೊಮ್ಮಕ್ಕಳನ್ನು ಶಾಲೆಗೆ ಬಿಡಬೇಕಾದ ಅಜ್ಜಿಯರು ಬರುತ್ತಾರೆ. ಅವಳಿಗೆ ಅದು ಹವ್ಯಾಸವಲ್ಲ, ಕಸುಬು. ಸ್ವಂತ ದುಡಿಮೆಯಲ್ಲಿ ಎರಡನೇ ಗಾಡಿಯನ್ನೂ ಕೊಂಡಿದ್ದಳು. ಬಂದ ಸಂಬಂಧ ಹೊಳೆಯಾಚೆಯದು, ಕಬಿನಿಯ ಆ ದಡದ ಹಾರ್ಡ್‌ವೇರ್ ಅಂಗಡಿಯವರು. ಒಳ್ಳೆಯ ಜನ, ನಮ್ಮ ಜನವೇ. ಆದರೆ ಮದುವೆಯಾದ ಮೇಲೆ ಹುಡುಗಿ ಗಾಡಿ ಹಿಂದೆ ಓಡುವುದು ಅವರಿಗೆ ಅಷ್ಟು ಸರಿಬರುವುದಿಲ್ಲ ಅಂತ ಮಧ್ಯಸ್ಥರ ಮೂಲಕ ಗಾಳಿಮಾತು ಬಂದಿತ್ತು. ಗಾಳಿಮಾತು ನಂಬಿ ಬೇಡ ಅನ್ನುವವಳಲ್ಲ ಅಕ್ಕ. ಬರಲಿ, ನಾನೇ ಬಾಯಿಬಿಟ್ಟು ಕೇಳುತ್ತೇನೆ, ಹುಡುಗನೂ ಅದನ್ನೇ ಹೇಳಿದರೆ ನನಗೆ ಬೇಡ, ನೀವು ನೋಡಿಕೊಳ್ಳಿ ಅಂತ ಅತ್ತೆಗೆ ಹೇಳಿದಳು. ಅತ್ತೆ ಆಗಲಿ ಅಂದರು.

ನೋಡಿಕೊಳ್ಳಿ ಅಂದರೆ ಏನು ಅಂತ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ನಮ್ಮ ಕಡೆ ಹೆಣ್ಣು ನೋಡಲು ಬಂದವರಿಗೆ ವೀಳ್ಯದ ತಟ್ಟೆ ಕೊಟ್ಟರೆ ಒಪ್ಪಿದ ಹಾಗೆ; ಅವರು ಅದನ್ನು ಮುಟ್ಟಿದರೆ ಮಾತು ಮುಗಿದ ಹಾಗೆ. ಬಂದವರ ಎದುರಿಗೆ ಇಲ್ಲ ಅನ್ನುವುದು ಮಾತ್ರ ನಮ್ಮವರ ಬಾಯಲ್ಲಿ ಬರುವುದಿಲ್ಲ, ಬರಲೂಬಾರದು. ಹಾಗಾಗಿ ಅತ್ತೆ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂರುತ್ತಾರೆ. ಅಮ್ಮ ಅಡುಗೆಮನೆಯ ಪರದೆಯ ಹಿಂದೆ ತಟ್ಟೆ ಹಿಡಿದು ನಿಂತು ಅತ್ತೆಯ ಹಣೆ ನೋಡುತ್ತಾಳೆ. ಗೆರೆ ಗಟ್ಟಿಯಾದರೆ ತಟ್ಟೆ ಹೊರಗೆ ಬರುವುದಿಲ್ಲ, ಬಾಳೆಹಣ್ಣು ಮಾತ್ರ ಬರುತ್ತದೆ. ಬಂದವರೂ ತಿಳಿದವರೇ, ಹಣ್ಣು ತಿಂದು, ಹೇಳಿ ಕಳಿಸುತ್ತೇವೆ ಅಂತ ಗೌರವವಾಗಿ ಏಳುತ್ತಾರೆ. ಗೆರೆ ಏಳದಿದ್ದರೆ ತಟ್ಟೆ ಬರುತ್ತದೆ. ನಮ್ಮ ದೊಡ್ಡಪ್ಪನ ಇಬ್ಬರು ಹೆಣ್ಣುಮಕ್ಕಳ ಮದುವೆ, ಇನ್ನೊಬ್ಬಳ ತಪ್ಪಿದ ಮದುವೆ, ಎಲ್ಲವೂ ಆ ಎರಡು ಗೆರೆಗಳ ಮೇಲೆಯೇ ತೀರ್ಮಾನವಾದದ್ದು.

ಇವತ್ತು ಬರೆದಾಗ ಎಷ್ಟು ಸ್ಪಷ್ಟವಾಗಿದೆ. ಅವತ್ತು ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ, ಛೆ, ನಮ್ಮಲ್ಲಿ ಅಂಥದ್ದೇನೂ ಇಲ್ಲ ಅಂತ ಎಲ್ಲರೂ ಒಂದೇ ಸಲ ಅನ್ನುತ್ತಿದ್ದರು. ಹೇಳದೆ ನಡೆದುಕೊಂಡು ಬಂದ ಪದ್ಧತಿಗೆ ಇದೊಂದು ಅಪಾಯ. ಅದರ ಬುಡಕ್ಕೆ ಕೊಡಲಿ ಬೀಳುವಾಗ ಅಲ್ಲೊಂದು ಮರ ಇದೆ ಅಂತಲೇ ಯಾರಿಗೂ ನೆನಪಾಗುವುದಿಲ್ಲ. ಬದಲಿಗೆ, ಗಂಡಿನವರು ಬರುವಷ್ಟರಲ್ಲಿ ಮುಖ ಸ್ವಲ್ಪ ಪ್ರಸನ್ನವಾಗಿ ಕಂಡರೆ ಒಳ್ಳೆಯದಲ್ಲವಾ ಅಂತ ಅಮ್ಮನೇ ಅಂದಳು. ಹಾಗೆ ಅವರು ಬರುವುದಕ್ಕೆ ಎರಡು ವಾರ ಮೊದಲು ನಾನು ಅತ್ತೆಯನ್ನು ಕರೆದುಕೊಂಡು ಬತ್ತೇರಿಗೆ ಬಸ್ಸು ಹತ್ತಿದೆ. ಸೂಜಿ ಬೇಡ ಅನ್ನುವ ವಾದ ಸೋತ ಮೇಲೆ, ಯಾವ ಸೂಜಿ ಅನ್ನುವ ವಾದವನ್ನಾದರೂ ಬಿಡಬಾರದು ಅಂತ.

ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿದ್ದ ಹುಡುಗಿ ಅತ್ತೆಯ ಕೈಗೆ ಊಟದ ಹೋಟೆಲಿನ ಮೆನುವಿನಂಥ ಒಂದು ಕಾರ್ಡು ಕೊಟ್ಟಳು. ಸೂಜಿ, ಫಿಲ್ಲರ್, ಲೇಸರ್, ಕ್ರೀಮು. ಅತ್ತೆ ಅದನ್ನು ದೂರ ಹಿಡಿದು ಓದಿ, ಇದರಲ್ಲಿ ಯಾವುದು ಚೆನ್ನಾಗಿರುತ್ತದೆ ಅಂತ ಪಕ್ಕದ ಕುರ್ಚಿಯವರನ್ನೇ ಕೇಳಿದರು. ಅವರು ಕಾಲಿನ ಆಣಿಗೆ ತೋರಿಸಲು ಬಂದವರು.

ಡಾಕ್ಟರು ನನಗಿಂತ ಹೆಚ್ಚು ದೊಡ್ಡವರೇನಲ್ಲ. ನಾನು ಪಾಟೀಸವಾಲಿಗೆ ಸಿದ್ಧವಾಗಿ ಹೋಗಿದ್ದೆ. ಅವರು ಸಾಕ್ಷಿ ಕಟಕಟೆಯಲ್ಲಿ ನಿಲ್ಲುವ ಅಭ್ಯಾಸ ಇರುವವರ ಹಾಗೆ ಎಲ್ಲಕ್ಕೂ ಮೆಲ್ಲಗೆ ಉತ್ತರ ಕೊಟ್ಟರು. ಈ ಗೆರೆಗಳು ಹುಬ್ಬು ಗಂಟಿಕ್ಕುವ ಸ್ನಾಯುವಿನಿಂದ ಬಂದವು, ಸೂಜಿಯ ಮದ್ದು ಆ ಸ್ನಾಯುವನ್ನು ಕೆಲವು ತಿಂಗಳು ಸುಮ್ಮನಿರಿಸುತ್ತದೆ. ಫಿಲ್ಲರ್ ಅಂದರೆ ಹಳ್ಳ ತುಂಬುವುದು. ಈ ಜಾಗಕ್ಕೆ ಅದನ್ನು ತಾನು ಹೇಳುವುದಿಲ್ಲ. ಲೇಸರ್ ಚರ್ಮದ ಮೇಲಿನ ಕೆಲಸ, ಒಳಗಿನ ಎಳೆತ ಹಾಗೇ ಉಳಿಯುತ್ತದೆ. ಕ್ರೀಮಿನಿಂದ ಕೇಡಿಲ್ಲ. ಲಾಭ ಇದೆಯಾ ಅಂತ ನಾನು ಕೇಳಿದೆ. ಕೇಡಿಲ್ಲ ಅಂತ ಅವರು ಇನ್ನೊಂದು ಸಲ ಹೇಳಿದರು. ಇದು ವಿಷವಲ್ಲವಾ ಅಂದೆ. ಮೂಲದಲ್ಲಿ ಹೌದು, ಇಲ್ಲಿ ಕೊಡುವ ಪ್ರಮಾಣ ಅತಿ ಕಡಿಮೆ, ತಲೆನೋವು ಬರಬಹುದು, ಅಪರೂಪಕ್ಕೆ ರೆಪ್ಪೆ ಸ್ವಲ್ಪ ಜೋತು ಬೀಳಬಹುದು, ಅದೂ ಸರಿಹೋಗುತ್ತದೆ ಅಂದರು. ಹೌದು ಅಂತ ಶುರು ಮಾಡುವ ಎದುರಾಳಿಯ ಜೊತೆ ವಾದ ಬಲು ಕಷ್ಟ.

ಕೊನೆಗೆ ಆಯ್ಕೆ ಇದ್ದದ್ದು ಒಂದರಲ್ಲೇ. ಕಡಿಮೆ ಹಾಕಿದರೆ ಗೆರೆ ಮೆದುವಾಗುತ್ತದೆ, ಸ್ವಲ್ಪ ಅಲುಗಾಟ ಉಳಿಯುತ್ತದೆ. ಪೂರ್ತಿ ಹಾಕಿದರೆ ಅಲ್ಲಿ ಏನೂ ಅಲುಗುವುದಿಲ್ಲ. ಮೊದಲ ಸಲಕ್ಕೆ ಕಡಿಮೆಯೇ ಸಾಕು ಅಂತ ಡಾಕ್ಟರ ಅಭಿಪ್ರಾಯ. ಅತ್ತೆ ನನ್ನ ಮುಖ ನೋಡಿದರು. ಅರ್ಧ ಹಾಕಿಸಿ ಅರ್ಧ ಫಲ ಬಂದರೆ, ಅದು ಮದ್ದಿನಿಂದ ಬಂತೋ ನಮ್ಮ ಆಸೆಯಿಂದ ಬಂತೋ ಗೊತ್ತಾಗುವುದು ಹೇಗೆ? ಪರೀಕ್ಷೆ ಅಂದಮೇಲೆ ಫಲಿತಾಂಶ ಸಂಶಯಕ್ಕೆ ಎಡೆಯಿಲ್ಲದ ಹಾಗಿರಬೇಕು. ಪೂರ್ತಿ ಹಾಕಿ ಅಂದೆ. ಆ ವಾದದಲ್ಲಿ ನನಗೆ ಇವತ್ತಿಗೂ ತಪ್ಪು ಕಾಣುವುದಿಲ್ಲ. ಫಲಿತಾಂಶದಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ.

ಸೂಜಿ ಎಲ್ಲಿ ಬೀಳಬೇಕು ಅಂತ ಗುರುತು ಮಾಡಲು ಡಾಕ್ಟರು ಬಿಳಿ ಪೆನ್ಸಿಲ್ ಹಿಡಿದು, ಚೇಚಿ, ಸ್ವಲ್ಪ ಕೋಪ ಮಾಡಿಕೊಳ್ಳಿ ಅಂದರು. ಅತ್ತೆ ವಿನಯದಿಂದ ಮುಗುಳ್ನಕ್ಕರು. ಇನ್ನೂ ಸ್ವಲ್ಪ ಅಂದರು ಡಾಕ್ಟರು. ಅತ್ತೆ, ನೀವು ಇಷ್ಟು ಒಳ್ಳೆಯವರು, ನಿಮ್ಮ ಮೇಲೆ ಯಾಕೆ ಕೋಪ ಮಾಡಿಕೊಳ್ಳಲಿ ಅಂದರು. ಜೀವಮಾನವಿಡೀ ಬೇಡದ ಕಡೆಯೆಲ್ಲ ಬಂದು ಕೂತ ಗೆರೆಗಳು ಬೇಕಾದಾಗ ಬರಲೊಲ್ಲವು. ನಾನು ಹಾಲಿಗೆ ನೀರು ಬೆರೆಸುವವರನ್ನೆಲ್ಲ ಒಬ್ಬೊಬ್ಬರಾಗಿ ನೆನಪಿಸಿದೆ. ಪಾಪ, ಅವರಿಗೂ ಕಷ್ಟ ಇರುತ್ತದೆ ಅಂತ ಅತ್ತೆ ಕರಗಿದರು. ಆಗ ನಾನು ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತೆ.

"ನಡೀರಿ ಅತ್ತೆ, ಮನೆಗೆ ಹೋಗೋಣ. ಈ ವಯಸ್ಸಲ್ಲಿ ಇದೆಲ್ಲ ನಿಮಗೆ ಚೆಂದ ಕಾಣಲ್ಲ."

ಎರಡು ಗೆರೆಗಳೂ ನೇಗಿಲು ಹೊಡೆದ ಹಾಗೆ ಎದ್ದವು. ಡಾಕ್ಟರು ಹಾಗೇ ಇರಿ, ಹಾಗೇ ಇರಿ ಅನ್ನುತ್ತಾ ಚುಕ್ಕೆ ಇಟ್ಟರು.

ಸೂಜಿ ಹಾಕಿದ ಮೇಲೆ, ಕೆಲವು ಗಂಟೆ ಮಲಗಬಾರದು, ಬಗ್ಗಬಾರದು, ಹಣೆ ತಿಕ್ಕಬಾರದು ಅಂತ ಹೇಳಿ ಕಳಿಸಿದರು. ಅತ್ತೆ ಅದನ್ನು ವ್ರತದ ಹಾಗೆ ಪಾಲಿಸಿದರು. ಕಾಡಿನ ದಾರಿಯಲ್ಲಿ ಆನೆ ನಿಂತಿದೆ ಅಂತ ಬಸ್ಸು ನಿಂತು, ಜನವೆಲ್ಲ ಒಂದು ಕಿಟಕಿಗೆ ಬಗ್ಗಿದಾಗ, ಅತ್ತೆ ಕತ್ತು ನೆಟ್ಟಗಿಟ್ಟುಕೊಂಡು ನೇರ ಮುಂದಿನ ಸೀಟಿನ ಬೆನ್ನನ್ನು ನೋಡುತ್ತಾ ಕೂತಿದ್ದರು. ಸಂಜೆ ಸೊಸೈಟಿಯಲ್ಲಿ ಕ್ಯಾನಿನೊಳಗೆ ಬಗ್ಗುವ ಕೆಲಸ ನನಗೆ ಬಿತ್ತು.

ವಾರ ಕಳೆಯುವಷ್ಟರಲ್ಲಿ ಹಣೆ ನುಣ್ಣಗಾಯಿತು. ಊರು ಮೊದಲು ನಿಟ್ಟುಸಿರು ಬಿಟ್ಟಿತು, ಆಮೇಲೆ ಗಾಬರಿಯಾಯಿತು. ಚೇಚಿಗೆ ಏನಾಯಿತು, ಮನೆಯಲ್ಲಿ ಏನಾದರೂ ಆಯಿತಾ ಅಂತ ನನ್ನನ್ನು ದಾರಿಯಲ್ಲಿ ತಡೆದು ಕೇಳಿದರು. ಆಣೆ ಪ್ರಮಾಣಗಳು ನಿಂತವು. ಅದರ ಹಿಂದೆಯೇ ಹಾಲು ಸ್ವಲ್ಪ ತೆಳುವಾಗತೊಡಗಿತು. ಅತ್ತೆಗೆ ಅದು ಬೇಸರವಾದರೂ, ಬೇಸರವಾಗಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಇಷ್ಟಾದ ಮೇಲೂ ನಮ್ಮಲ್ಲಿ ಒಬ್ಬರಿಗಾದರೂ ತಲೆಗೆ ಹೊಳೆಯಬೇಡವಾ?

ಗಂಡಿನವರು ಬಂದದ್ದು ನಡುಬೇಸಿಗೆಯಲ್ಲಿ. ಕಾರಿನಲ್ಲಿ ಬಾವಲಿ ಚೆಕ್‌ಪೋಸ್ಟಿನ ಸುತ್ತುದಾರಿಯಲ್ಲಿ ಬಂದರೆ ಅರ್ಧ ದಿನ. ಹೊಳೆಯಲ್ಲಿ ನೀರು ಬತ್ತಿದ್ದರಿಂದ ಆಚೆ ದಡದಲ್ಲಿ ಕಾರು ನಿಲ್ಲಿಸಿ ನಡೆದೇ ದಾಟಿದರು. ಹುಡುಗ, ಹುಡುಗನ ತಾಯಿ, ಸೋದರಮಾವ, ಮೂವರೇ. ಹುಡುಗ ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಬೂಟುಗಳನ್ನು ಎದೆಗವಚಿಕೊಂಡು ಗದ್ದೆಯ ಬದುವಿನ ಮೇಲೆ ಬರುತ್ತಿದ್ದ. ನನಗೆ ಆತನ ಮೇಲೆ ಒಂದು ಕ್ಷಣ ಕನಿಕರ ಹುಟ್ಟಿತು. ಪಾದದಲ್ಲಿ ಕೆಸರು ಮೆತ್ತಿಕೊಂಡು ಹೆಣ್ಣು ನೋಡಲು ಬರುವವನು ಕೆಟ್ಟವನಿರಲಾರ. ನಿಜಕ್ಕೂ ಕೆಟ್ಟವನಾಗಿರಲಿಲ್ಲ, ತಾಯಿಯ ಮುಖ ನೋಡದೆ ಉಸಿರಾಡುತ್ತಿರಲಿಲ್ಲ ಅಷ್ಟೇ.

ಕಾಲು ತೊಳೆದರು, ಕೂತರು, ಬೆಲ್ಲದ ಕಾಫಿ ಕುಡಿದರು. ಮೆಣಸಿನ ಮಾತು, ಕಾಡುಹಂದಿಯ ಕಾಟದ ಮಾತು, ಆ ಕಡೆ ಮಳೆ ಹೇಗೆ ಈ ಕಡೆ ಮಳೆ ಹೇಗೆ. ಸೋದರಮಾವ ಮಾತಿನ ಮಲ್ಲ. ಹುಡುಗನ ತಾಯಿಯ ಕಣ್ಣು ಮಾತ್ರ ಅತ್ತೆಯ ಮೇಲೆಯೇ ಇತ್ತು. ಇಂಥ ಶಾಂತ ಮುಖದ ಹಿರಿಯರು ಇರುವ ಮನೆಯ ಹೆಣ್ಣು ಅಂದರೆ ಇನ್ನು ಕೇಳುವುದೇನಿದೆ ಅಂತ ಅಪ್ಪನಿಗೆ ಎರಡು ಸಲ ಹೇಳಿದರು. ಅಪ್ಪ ಬಾಳೆಕಾಯಿ ಚಿಪ್ಸ್ ಮುಂದೆ ತಳ್ಳಿದರು.

ಅಕ್ಕ ಬಂದು ಕೂತು ಸುತ್ತು ಬಳಸದೆ ಕೇಳಿದಳು. ತಾನು ಸ್ಕೂಟರ್ ಕಲಿಸುತ್ತೇನೆ, ನಿಮ್ಮ ಕಡೆಯೂ ಕಲಿಯುವ ಹೆಂಗಸರು ಇರುತ್ತಾರೆ, ಮದುವೆಯಾದರೆ ಅಲ್ಲೂ ಕಲಿಸುತ್ತೇನೆ, ನೀವೇನಂತೀರಿ? ಕೇಳಿದ್ದು ಹುಡುಗನನ್ನು. ಹುಡುಗ ತಾಯಿಯ ಕಡೆ ನೋಡಿದ.

"ಅದ್ಯಾಕೆ ಕನವ್ವ," ಅಂದರು ತಾಯಿ, "ನಮ್ಮನೇಲಿ ಗಾಡಿ ಓಡ್ಸಕೆ ಗಂಡಸ್ರು ಅವ್ರೆ."

"ಹೂಂ," ಅಂದ ಹುಡುಗ, "ಮನೇಲಿ ಆರಾಮಾಗಿ ಇರ್ಬೋದು."

ಅಕ್ಕ ಅತ್ತೆಯ ಕಡೆ ತಿರುಗಿದಳು. ಉತ್ತರ ಬಂದಿತ್ತು, ಇನ್ನು ಅತ್ತೆಯ ಕೆಲಸ.

ಅತ್ತೆ ಹುಬ್ಬು ಗಂಟಿಕ್ಕಿದರು. ಮನಸಾರೆ ಗಂಟಿಕ್ಕಿದರು ಅನ್ನುವುದಕ್ಕೆ ನಾನು ಸಾಕ್ಷಿ; ಪಕ್ಕದಲ್ಲೇ ಕೂತಿದ್ದೆ. ಕಿವಿಗಳು ಹಿಂದಕ್ಕೆ ಸರಿದವು, ಮೂಗಿನ ಎರಡು ಪಕ್ಕವೂ ಸೀನು ಬರುವವರ ಹಾಗೆ ಸುಕ್ಕಾಯಿತು, ಕತ್ತಿನ ನರ ಬಿಗಿಯಿತು. ಹಣೆ ಮಾತ್ರ ಬೆಳದಿಂಗಳಲ್ಲಿ ತೊಳೆದಿಟ್ಟ ತಟ್ಟೆ. ಎದುರಿನಿಂದ ನೋಡುವವರಿಗೆ ಒಬ್ಬ ಹಿರಿಯ ಹೆಂಗಸು ತುಂಬಿದ ಮನಸ್ಸಿನಿಂದ ನಗುವನ್ನು ತಡೆದುಕೊಳ್ಳುತ್ತಿರುವ ಹಾಗೆ ಕಂಡಿರಬೇಕು.

ಪರದೆ ಸರಿಯಿತು. ಅಮ್ಮ ವೀಳ್ಯದ ತಟ್ಟೆ ಹಿಡಿದು ಹೊರಗೆ ಬಂದಳು.

ಅಕ್ಕನ ಮುಖದ ಬಣ್ಣ ಇಳಿದದ್ದನ್ನು ನೋಡಿದಾಗ ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ನಮ್ಮ ಪದ್ಧತಿಯಲ್ಲಿ ಬೇಡ ಅನ್ನುವುದಕ್ಕೆ ಗುರುತು ಇದೆ, ಹೌದು ಅನ್ನುವುದಕ್ಕೆ ಇಲ್ಲ. ಗುರುತು ಕಾಣದಿದ್ದರೆ ಅದೇ ಹೌದು. ಆ ಗುರುತು ಇರುವ ಒಂದೇ ಒಂದು ಜಾಗಕ್ಕೆ ನಾವು ಮದ್ದು ಹಾಕಿಸಿಕೊಂಡು ಬಂದಿದ್ದೆವು. ಪೂರ್ತಿ ಪ್ರಮಾಣದಲ್ಲಿ.

ನಾನು ಎದ್ದು ನಿಂತೆ. ಕೇಳಿದ ಪ್ರಶ್ನೆಗೆ ಬಂದ ಉತ್ತರ ಒಪ್ಪುವಂಥದ್ದಲ್ಲ, ಕಸುಬು ಇರುವ ಹೆಣ್ಣಿಗೆ ಆರಾಮ ಅನ್ನುವುದು ಉಡುಗೊರೆಯಲ್ಲ, ಕಸುಬನ್ನು ಕಿತ್ತುಕೊಳ್ಳುವುದಕ್ಕೆ ಇಟ್ಟ ಮರ್ಯಾದೆಯ ಹೆಸರು, ಆದ್ದರಿಂದ ಈ ತಟ್ಟೆ ಈಗ ಹೊರಗೆ ಬರತಕ್ಕದ್ದಲ್ಲ ಅಂತ, ಮೂರು ಅಂಶಗಳಲ್ಲಿ, ಒಂದೇ ಉಸಿರಿನಲ್ಲಿ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾವ ವೇದಿಕೆಯಲ್ಲೂ ಮಾತಾಡಿರಲಿಲ್ಲ.

ಅಪ್ಪನ ಮುಖ ಅರಳಿತು. ಇವಳು ಕಾಲೇಜಿನಲ್ಲಿ ಡಿಬೇಟು ಮಾಡುವವಳು ಅಂತ ಹೇಳಿ, ಗೋಡೆಯ ಗೂಡಿನಲ್ಲಿದ್ದ ಬಹುಮಾನದ ಕಪ್ಪುಗಳನ್ನು ತೋರಿಸಿದರು. ಸೋದರಮಾವ ಚಪ್ಪಾಳೆ ತಟ್ಟಿದರು.

"ಈಗ ಇದ್ರ ವಿರುದ್ಧ ಹೇಳವ್ವ, ಕೇಳುಮ."

ನಾನು ಅಲ್ಲೇ ನಿಂತೆ. ಪರ ವಿರೋಧ ಎರಡೂ ಮಾತಾಡಬಲ್ಲವಳು ಅಂತ ಹೆಸರು ಪಡೆದವಳ ಮಾತನ್ನು ಎರಡೂ ಕಡೆಯವರು ಮನರಂಜನೆ ಅಂತ ತಿಳಿಯುತ್ತಾರೆ. ಅತ್ತ ಅಮ್ಮ ತಟ್ಟೆಯ ಸಮೇತ ಇನ್ನೊಂದು ಹೆಜ್ಜೆ ಮುಂದೆ ಬಂದಿದ್ದಳು.

ಅತ್ತೆಗೂ ಅಷ್ಟರಲ್ಲಿ ಹೊಳೆದಿತ್ತು. ಅವರು ಎರಡೂ ಕೈಗಳ ತೋರುಬೆರಳನ್ನು ಹುಬ್ಬುಗಳ ಮೇಲಿಟ್ಟು, ಚರ್ಮವನ್ನು ನಡುವಿಗೆ ತಳ್ಳಿ, ಕೈಯಾರೆ ಎರಡು ಗೆರೆ ಮಾಡಿ ಅಮ್ಮನ ಕಡೆ ತೋರಿಸಿದರು. ಅಮ್ಮ ಅಯ್ಯೋ ಅಂದು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, ಒಳಗೆ ಓಡಿ, ತಲೆನೋವಿನ ಮುಲಾಮು ತಂದಳು. ಕುಕ್ಕರಿನ ಮುಂದೆ ನಿಂತು ನಿಂತು ನಿಮಗೆ ಪಿತ್ತ ಏರಿದೆ ಅತ್ತಿಗೆ ಅನ್ನುತ್ತಾ ಹಣೆಗೆ ತಿಕ್ಕಲು ಶುರು ಮಾಡಿದಳು. ತಟ್ಟೆ ಈಗ ಗಂಡಿನವರ ಮುಂದೆ, ಕೈಗೆಟಕುವ ಹಾಗಿತ್ತು. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಕೈ ಚಾಚಿದರು.

"ಬ್ಯಾಡ," ಅಂದರು ಅತ್ತೆ.

ನಮ್ಮ ಮನೆಯ ಇತಿಹಾಸದಲ್ಲಿ ಅತಿಥಿಯ ಎದುರು ಆ ಮಾತು ಆಡಿದ್ದು ಅದೇ ಮೊದಲು. ಆದರೆ ಏನೂ ಆಗಲಿಲ್ಲ. ನಮ್ಮ ಜನಕ್ಕೆ ಮೊದಲ ಬೇಡ ಅಂದರೆ ಉಪಚಾರ. ಊಟಕ್ಕೆ ಕರೆದರೂ ಬೇಡ, ಸೀರೆ ಕೊಟ್ಟರೂ ಬೇಡ, ಆಮೇಲೆ ತೆಗೆದುಕೊಳ್ಳುವುದು ಇದ್ದದ್ದೇ. ಮುಲಾಮು ಹೊಳೆಯುತ್ತಿದ್ದ ಆ ನುಣ್ಣನೆಯ ಹಣೆಯ ಕೆಳಗಿನಿಂದ ಬಂದ ಮಾತಂತೂ ಸಂಕೋಚದ್ದೇ ಆಗಿರಬೇಕು. ಅತ್ತೆ ಇನ್ನೊಂದು ಸಲ ಹೇಳಿದರು. ಸೋದರಮಾವ, ಬೀಗ್ರಿಗೆ ಸಂತೋಷಕ್ಕೆ ಮಾತೇ ಬರುತ್ತಿಲ್ಲ ಅಂದರು.

ಆಗ ಅಕ್ಕ ಎದ್ದಳು. ಚಾಚಿದ ಕೈಗೂ ತಟ್ಟೆಗೂ ನಡುವೆ ಬಗ್ಗಿ, ತಟ್ಟೆಯನ್ನು ಎತ್ತಿಕೊಂಡು ಎದೆಯ ಹತ್ತಿರ ಹಿಡಿದು ನಿಂತಳು. ಅವಳ ಧ್ವನಿ ಮೈದಾನದಲ್ಲಿ ಕಲಿಸುವಾಗಿನ ಧ್ವನಿಯೇ, ಏರಿರಲಿಲ್ಲ, ಇಳಿದಿರಲೂ ಇಲ್ಲ.

"ಅತ್ತೆ ಹಣೆಗೆ ಸೂಜಿ ಹಾಕ್ಸಿದಾರೆ. ಅದಕ್ಕೆ ಅವರ ಕೋಪ ಹೊರಗೆ ಕಾಣ್ತಿಲ್ಲ. ಅವರಿಗೆ ಕೋಪ ಬಂದದೆ. ನಂಗೂ ಬಂದದೆ. ಗಾಡಿ ಬಿಡು ಅನ್ನೋ ಮನೆ ನಂಗೆ ಬ್ಯಾಡ."

ಅಪ್ಪ ಕಪ್ಪುಗಳ ಕಡೆ ನೋಡುತ್ತಿದ್ದರು. ಹುಡುಗ ತಾಯಿಯನ್ನು ನೋಡಿದ, ಆಮೇಲೆ ತನ್ನ ಬೂಟನ್ನು ನೋಡಿದ. ಅಕ್ಕ, ತನಗೆ ಕ್ಲಾಸಿದೆ, ಒಬ್ಬರು ಕಾಯುತ್ತಿರುತ್ತಾರೆ ಅಂತ ಹೇಳಿ, ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು, ಹುಡುಗನಿಗೆ ನೀರಿನಲ್ಲಿ ಜೋಪಾನ, ಕಲ್ಲು ಜಾರುತ್ತದೆ ಅಂದು ಹೊರಟಳು. ಅಂಗಳದಲ್ಲಿ ಸ್ಕೂಟರ್ ಶುರುವಾದ ಸದ್ದು ಕೇಳಿತು.

ಹುಡುಗನ ತಾಯಿ ನಿಧಾನವಾಗಿ ಎದ್ದರು. ಈಗ ಶುರುವಾಗುತ್ತದೆ ಅಂತ ನಾನು ಕಾದೆ. ಅವರು ಬೆಂಚಿನವರೆಗೆ ಬಂದು, ಕನ್ನಡಕ ಏರಿಸಿ, ಅತ್ತೆಯ ಹಣೆಗೆ ಮುಖ ಹತ್ತಿರ ತಂದು ನೋಡಿದರು.

"ಎಲ್ಲಿ ಹಾಕ್ಸುದ್ರಿ?"

ಅಲ್ಲಿಂದ ಮುಂದೆ ಸಂಬಂಧದ ಮಾತೇ ಇಲ್ಲ. ಇಬ್ಬರೂ ಬೆಂಚಿನ ಮೇಲೆ ಅಕ್ಕಪಕ್ಕ ಕೂತರು. ಅತ್ತೆ ಫಿಲ್ಲರ್ ಅಂದರೆ ಹಳ್ಳ ತುಂಬುವುದು, ಲೇಸರ್ ಅಂದರೆ ಮೇಲೆ ಕೆರೆಯುವುದು ಅಂತ ಡಾಕ್ಟರಿಗಿಂತ ಚೆನ್ನಾಗಿ ವಿವರಿಸಿದರು. ಕಡಿಮೆ ಹಾಕಿಸಿ, ಪೂರ್ತಿ ಬ್ಯಾಡ, ಮನೇಲಿ ಹೆಣ್ಣುಮಕ್ಕಳಿದ್ರೆ ಅರ್ಧ ಉಳಿಸ್ಕೊಳಿ ಅಂದರು. ನನಗೂ ಇದೇ ಗೆರೆ ಅಂತ ಆ ತಾಯಿ ತೋರಿಸಿದರು. ನಿಜಕ್ಕೂ ಇತ್ತು. ನಾವೆಲ್ಲ ನಿನಗೆ ಯಾವಾಗಲೂ ಕೋಪ ಅಂತ ತಿಳಿದಿದ್ದೆವಲ್ಲಕ್ಕ ಅಂದರು ಸೋದರಮಾವ. ಕೋಪಾನೇ ಅಂದರು ಅವರು, ತಲೆ ಎತ್ತದೆ.

ಮಾತಿನ ಭರದಲ್ಲಿ ಆ ತಾಯಿ ಅಮ್ಮನ ಕೈಯಲ್ಲಿದ್ದ ತಟ್ಟೆಯಿಂದ ಒಂದು ಎಲೆ ಎಳೆದು, ಸುಣ್ಣ ಸವರಿ ಬಾಯಿಗೆ ಹಾಕಿಕೊಂಡಿದ್ದರು. ಸೋದರಮಾವ ಅದನ್ನು ಗಮನಿಸಿ ಕಳವಳಗೊಂಡರು. ವೀಳ್ಯ ಮುಟ್ಟಿದ ಮೇಲೆ ಮಾತು ಕೊಟ್ಟ ಹಾಗಲ್ಲವಾ? ಆಗ ವಾದ ಮಂಡಿಸಲು ನನ್ನನ್ನು ಕರೆದರು. ಎಲೆ ಸಂಬಂಧಕ್ಕೆ ಕೊಟ್ಟದ್ದಲ್ಲ, ಕೊಟ್ಟದ್ದೇ ಅಲ್ಲ, ಎಳೆದುಕೊಂಡದ್ದು. ಅದನ್ನು ಅಗಿದದ್ದು ಹಣೆಯ ಮಾತಿಗೆ, ಹೆಣ್ಣಿನ ಮಾತಿಗಲ್ಲ ಅಂದೆ. ಸೋದರಮಾವ ಯೋಚಿಸಿ, ಸರಿ ಅಂತ ತೀರ್ಪು ಕೊಟ್ಟರು. ಹುಡುಗನಿಗೂ ಸಮಾಧಾನವಾದ ಹಾಗಿತ್ತು.

ಅವರು ಬೂಟು ಹಿಡಿದು ಬದುವಿನ ಮೇಲೆ ಹೊಳೆಯ ಕಡೆ ಹೋದ ಮೇಲೆ ನಾನು ಶಾಲೆಯ ಮೈದಾನಕ್ಕೆ ಹೋದೆ. ಅಕ್ಕ ಒಬ್ಬ ದಪ್ಪ ಹೆಂಗಸನ್ನು ಗಾಡಿಯ ಮೇಲೆ ಕೂರಿಸಿ, ಹಿಂದಿನಿಂದ ಹಿಡಿದು ಓಡುತ್ತಿದ್ದಳು. ಸೀರೆ ಇನ್ನೂ ಬದಲಾಯಿಸಿರಲಿಲ್ಲ. ರೇಷ್ಮೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ನಾನು ಪಕ್ಕದಲ್ಲಿ ಓಡುತ್ತಾ, ಅವಳು ಬಂದ ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಯಾರಿಗೂ ಅವಮಾನವಾಗಲಿಲ್ಲ, ಯಾರೂ ಜಗಳವಾಡಲಿಲ್ಲ, ಅಮ್ಮ ಅಳಲಿಲ್ಲ, ಆ ಸಂಬಂಧ ಮುಗಿಯಿತು ಅಂತ ಎರಡೂ ಕಡೆ ಒಪ್ಪಿಕೊಂಡರು. ಅತ್ತೆ ಎರಡು ಸಲ ಹೇಳಿದರೂ ನಂಬದವರು ನೀನು ಒಂದು ಸಲ ಹೇಳಿದ್ದಕ್ಕೆ ನಂಬಿದ್ದು ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಎರಡು ಕಾರಣಗಳಿವೆ, ಮೊದಲನೆಯದು...

"ಪಕ್ಕಕ್ಕೆ ಸರೀ," ಅಂದಳು ಅಕ್ಕ. "ಇವ್ರಿಗಿನ್ನೂ ಬ್ರೇಕ್ ಬರಲ್ಲ."